ಕೆಂಪು ಗೀಟಿನ ಐದು ಬೀಮುಗಳು

ಜೂನ್ 3, ಮಂಗಳವಾರ

ಹನ್ನೊಂದು ವರ್ಷದಿಂದ ನನ್ನದಾಗಿದ್ದ ಕುರ್ಚಿ ಇವತ್ತು ಕೈಬಿಟ್ಟಿತು. ಕಿತ್ತುಕೊಂಡವಳು ಸ್ವಂತ ಸೊಸೆ.

ನಮ್ಮ ಪರೀಕ್ಷಾಲಯದಲ್ಲಿ ಕಾಂಕ್ರೀಟ್ ಬೀಮುಗಳನ್ನು ಮುರಿಯುತ್ತೇವೆ. ಬಿರುಕು ಎದ್ದು ಕಾಣಲೆಂದು ಸುಣ್ಣ ಬಳಿದ ಬೀಮನ್ನು ಯಂತ್ರದ ಕೆಳಗೆ ಇಡುತ್ತೇವೆ. ಭಾರ ಏರಿಸುವ ಮೊದಲು, ಅದು ಎಷ್ಟು ಟನ್ನಿಗೆ ಮುರಿಯುತ್ತದೆಂದು ಪ್ರತಿಯೊಬ್ಬರೂ ಸುಣ್ಣ ತಾಗದ ತುದಿಯಲ್ಲಿ ಬಡಗಿಯ ಪೆನ್ಸಿಲಿನಿಂದ ಬರೆಯಬೇಕು. ನಾನು ಕೆಲಸಕ್ಕೆ ಸೇರುವ ಮೊದಲಿನಿಂದ ಬಂದ ಪದ್ಧತಿ. ಹತ್ತಿರ ಬಂದವರಿಗೆ ಮುಂದಿನ ಬೀಮಿನವರೆಗೆ ಕೈಯಿರುವ ಕುರ್ಚಿ. ಉಳಿದವರಿಗೆ ಸ್ಟೂಲು.

ಬಾಗಿ ಮುರಿಯುವ ಬೀಮಿನ ಲೆಕ್ಕವನ್ನು ಓದಿದವರು ಯಾರು ಬೇಕಾದರೂ ಹೇಳಬಹುದು. ಅದು ಜೋಲುತ್ತದೆ, ನರಳುತ್ತದೆ, ಕೆಳಗಿದ್ದವರಿಗೆ ಓಡಲು ಹೊತ್ತು ಕೊಡುತ್ತದೆ. ಶಿಯರ್, ಅಂದರೆ ಓರೆಯಾಗಿ ಸೀಳಿ ಮುರಿಯುವುದು, ಹಾಗಲ್ಲ. ಆಧಾರದ ಪಕ್ಕದಲ್ಲಿ ಒಂದು ಓರೆ ಬಿರುಕು ಏಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಿನವರೆಗೆ ಸೀಳುತ್ತದೆ, ಮುಗಿಯಿತು. ಅದು ಎಷ್ಟು ಭಾರಕ್ಕೆ ಎನ್ನಲು ಸೂತ್ರಗಳು ಬೇಕಾದಷ್ಟಿವೆ, ಒಂದನ್ನೊಂದು ಒಪ್ಪುವುದಿಲ್ಲ. ಅದಕ್ಕೇ ನಮ್ಮಲ್ಲಿ ಅನುಭವಕ್ಕೆ ಬೆಲೆ. ಬೆಲೆ ಇತ್ತು.

ಸೊಸೆ ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಬಂದವಳೇ ನನ್ನ ಇಪ್ಪತ್ತಾರು ಪರೀಕ್ಷಾ ಪುಸ್ತಕಗಳನ್ನು ಕೇಳಿದಳು. ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ. ನಾನೂರ ಏಳು ಬೀಮುಗಳ ಅಳತೆ, ಕಬ್ಬಿಣ, ಮುರಿದ ಭಾರ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ, ಕಾಣದ ಬೀಮಿನ ಬಲವನ್ನು ಊಹಿಸಲು ಅದಕ್ಕೆ ಕಲಿಸಿದಳು. ಇವತ್ತು ನಾನು ಬರೆದದ್ದು 25. ಅವಳು ಬರೆದದ್ದು 23.4. ಮುರಿದದ್ದು 23.6ಕ್ಕೆ.

ಸುಣ್ಣ ಬಳಿಯುವ ನಮ್ಮ ಸಹಾಯಕನನ್ನು ಎಲ್ಲರೂ ಸುಣ್ಣಪ್ಪ ಎನ್ನುತ್ತಾರೆ. ಅವನು ಸಮಾಧಾನ ಹೇಳುವ ಧಾಟಿಯಲ್ಲಿ, "ಕುರ್ಚಿ ಮನೇಲೇ ಉಳೀತಲ್ಲ ಸರ್," ಎಂದ. ಮೂವತ್ತೊಂದು ವರ್ಷದಲ್ಲಿ ಆ ಮನುಷ್ಯ ನನಗೆ ಹೇಳಿದ ಅತ್ಯಂತ ಕೆಟ್ಟ ಮಾತು ಇದು.

ಜೂನ್ 4, ಬುಧವಾರ

ಅವಳು ಕುರ್ಚಿಯಲ್ಲಿ ಕೂರುವುದೂ ಇಲ್ಲ. ಬ್ಯಾಗು ನೇತುಹಾಕಿದ್ದಾಳೆ.

ಜೂನ್ 11, ಬುಧವಾರ

ನಗರಸಭೆಯಿಂದ ಪತ್ರ ಬಂದಿದೆ. ಸಾರ್ವಜನಿಕ ವಾಚನಾಲಯದ ದೊಡ್ಡ ಕೋಣೆಯ ಬೀಮೊಂದರಲ್ಲಿ ಸಣ್ಣ ಬಿರುಕು ಕಾಣಿಸಿದೆಯಂತೆ. ಮೇಲಿನ ಮಹಡಿಯಲ್ಲಿ ಕಬ್ಬಿಣದ ಹೊಸ ಕಪಾಟುಗಳನ್ನು ಇಡಬೇಕಂತೆ. ಬೀಮುಗಳು ತಡೆಯುತ್ತವೆಯೇ ಎಂದು ತಿಳಿಸಬೇಕಂತೆ.

ಆ ಛಾವಣಿ ಸೋರುತ್ತದೆಂದು ನಾನು ಹತ್ತೊಂಬತ್ತು ವರ್ಷದ ಹಿಂದೆಯೇ ಪತ್ರಿಕೆಗೆ ಬರೆದಿದ್ದೆ. ಏಳು ವರ್ಷದ ಹಿಂದೆ ಮತ್ತೆ ಬರೆದೆ. ಆಗಿನ ಆಯುಕ್ತರು ಪರಿಶೀಲಿಸಲಾಗುವುದು ಎಂದು ಉತ್ತರ ಕೊಟ್ಟರು, ಪರಿಶೀಲಿಸುವ ಮೊದಲೇ ವರ್ಗವಾಗಿ ಹೋದರು. ಎರಡೂ ಪತ್ರಗಳ ತುಣುಕುಗಳನ್ನು ಕಡತದಲ್ಲಿ ಅಂಟಿಸಿಟ್ಟಿದ್ದೇನೆ. ಈ ಊರಿನಲ್ಲಿ ಯಾರು ಯಾವಾಗ ಏನನ್ನು ಮರೆತರು ಎಂಬುದನ್ನು ನೆನಪಿಟ್ಟುಕೊಳ್ಳುವ ಕೆಲಸ ನನ್ನ ತಲೆಗೇ ಕಟ್ಟಿದೆ.

ಇಂಥ ಕೆಲಸ ಯಾರಿಗೆ ಬರಬೇಕು? ಡೈರೆಕ್ಟರ್ ನನ್ನ ಸೊಸೆಯನ್ನು ಕರೆದು ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನೀವೂ ಜೊತೆಗೆ ಹೋಗಿಬನ್ನಿ ಸರ್, ನಿಮಗೂ ಹೊತ್ತು ಹೋಗುತ್ತೆ ಎಂದರು. ಈ ಡೈರೆಕ್ಟರಿಗೆ ಕಾಂಕ್ರೀಟಿನ ಮೊದಲ ಪಾಠ ಹೇಳಿದ್ದು ನಾನು.

ಮನೆಯಲ್ಲಿ ಹೆಂಡತಿಗೆ ಹೇಳಿದರೆ, "ಹೊಟ್ಟೆಕಿಚ್ಚಾ?" ಎಂದು ಕೇಳಿದಳು. ಅಲ್ಲ ಕಣೇ, ಹಿರಿತನದ ಪ್ರಶ್ನೆ ಎಂದೆ. "ಸರಿ, ಅದನ್ನೇ ನಾನೂ ಕೇಳಿದ್ದು," ಎಂದಳು.

ಜೂನ್ 14, ಶನಿವಾರ

ವಾಚನಾಲಯಕ್ಕೆ ಹೋಗಿ ಬಂದೆವು. ನಾನು ದಿನಾ ಬೆಳಿಗ್ಗೆ ಪತ್ರಿಕೆ ಓದುವ ಕೋಣೆ ಅದು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅದರ ಬೀಮುಗಳನ್ನು ತಲೆಯೆತ್ತಿ ನೋಡಿರಲಿಲ್ಲ. ಉದ್ದನೆಯ ಕೋಣೆ, ಅಡ್ಡಕ್ಕೆ ಆರು ಬೀಮುಗಳು, ಒಂದೊಂದೂ ಕೆಳಗಿನಿಂದ ಮೇಲಕ್ಕೆ ನನ್ನ ಎದೆಯಷ್ಟು ಎತ್ತರ. ಮೂರನೆಯದರಲ್ಲಿ, ಗೋಡೆಯ ಹತ್ತಿರ, ಕೂದಲೆಳೆಯಷ್ಟು ಸಣ್ಣ ಬಿರುಕು. ನೆಟ್ಟಗಿದ್ದರೆ ಚಿಂತೆ ಇರಲಿಲ್ಲ. ಓರೆಯಾಗಿತ್ತು.

ಸೊಸೆ ಏಣಿ ಹತ್ತಿ, ಒಳಗಿನ ಕಬ್ಬಿಣವನ್ನು ಹುಡುಕುವ ಮೀಟರನ್ನು ಬೀಮಿನ ಉದ್ದಕ್ಕೂ ಆಡಿಸಿದಳು. ಓರೆ ಬಿರುಕನ್ನು ಹಿಡಿದು ನಿಲ್ಲಿಸುವುದು ಒಳಗಿರುವ ಕಬ್ಬಿಣದ ರಿಂಗುಗಳು. ಮೀಟರು ರಿಂಗು ಸಿಕ್ಕಾಗ ಕೂಗಬೇಕು. ಅದು ಕೂಗುವುದನ್ನೇ ಮರೆತಂತಿತ್ತು. ಕಟ್ಟಿದವರು ಮಾರುದ್ದಕ್ಕೆ ಒಂದು ಹಾಕಿ ಕೈತೊಳೆದುಕೊಂಡಿದ್ದಾರೆ.

ಏಣಿಯ ಮೇಲಿಂದಲೇ ಕೇಳಿದಳು, "ಸರ್, ಇಷ್ಟು ಎತ್ತರದ ಬೀಮು ನಮ್ಮ ಪುಸ್ತಕಗಳಲ್ಲಿ ಎಲ್ಲಾದ್ರೂ ಇದೆಯಾ? ನನ್ನ ಹತ್ರ ಇರೋದೆಲ್ಲಾ ಮೊಣಕಾಲೆತ್ತರಾನೂ ದಾಟಲ್ಲ."

ಕೆಲಸದ ಜಾಗದಲ್ಲಿ ಸರ್, ಮನೆಯಲ್ಲಿ ಮಾವ. ಮೊದಲ ದಿನವೇ ಅವಳೇ ಹಾಕಿಕೊಂಡ ನಿಯಮ.

ಇರೋದೆಲ್ಲ ನಿನ್ನ ಹತ್ರಾನೇ ಇದೆಯಲ್ಲಮ್ಮ ಎಂದೆ.

ಜೂನ್ 15, ಭಾನುವಾರ

ಸುಳ್ಳು ಹೇಳಲಿಲ್ಲ. ಇಪ್ಪತ್ತಾರು ಪುಸ್ತಕಗಳೂ ಅವಳ ಕಪಾಟಿನಲ್ಲಿಯೇ ಇವೆ. ಒಂಬತ್ತನೆಯದರಲ್ಲಿ ಎತ್ತರದ ಐದು ಬೀಮುಗಳಿವೆ. ಅವುಗಳ ಮೇಲೆ ಕೆಂಪು ಗೀಟು ಎಳೆದಿದೆ. ಪುಸ್ತಕ ಕೊಡುವಾಗ, ಕೆಂಪು ಗೀಟು ಹಾಕಿರುವುದನ್ನು ಬಿಟ್ಟುಬಿಡು, ಅವು ಕೆಟ್ಟ ಮಾದರಿಗಳು ಎಂದಿದ್ದೆ. ಬಿಟ್ಟಳು. ಹೇಳಿದ ಮಾತು ಕೇಳುವವಳೇನೋ ಹೌದು.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಗ ತಾನೇ ನನಗೆ ಪರೀಕ್ಷಾಲಯದ ಉಸ್ತುವಾರಿ ಸಿಕ್ಕಿತ್ತು. ಐದೂ ಬೀಮುಗಳು ನಾನು ಬರೆದದ್ದಕ್ಕಿಂತ ತೀರ ಕಡಿಮೆ ಭಾರಕ್ಕೆ ಸೀಳಿದವು. ಎರಕ ಹೊಯ್ದ ಮೇಸ್ತ್ರಿ ನೀರು ಜಾಸ್ತಿ ಸುರಿದಿದ್ದ. ಹಾಗೆಂದೇ ವರದಿ ಬರೆದೆ. ಅವನನ್ನು ಸಾಮಾನು ಕೋಣೆಯ ಕಾವಲಿಗೆ ಹಾಕಿದರು. ಆರು ತಿಂಗಳಲ್ಲಿ ಕೆಲಸ ಬಿಟ್ಟು ಹೋದ.

ಎತ್ತರ ಹೆಚ್ಚಾದಷ್ಟೂ, ರಿಂಗು ಕಡಿಮೆಯಿರುವ ಬೀಮು ತನ್ನ ಗಾತ್ರಕ್ಕೆ ತಕ್ಕಷ್ಟು ಬಲ ತೋರಿಸುವುದಿಲ್ಲವೆಂದು ಆಮೇಲೆ ತಾಂತ್ರಿಕ ಪತ್ರಿಕೆಗಳಲ್ಲಿ ಓದಿದೆ. ಓದಿದ್ದನ್ನು ಮರೆಯುವವನಲ್ಲ ನಾನು. ಆದರೆ ಬರೆದ ವರದಿ ಬರೆದಾಗಿತ್ತು.

ವಾಚನಾಲಯದ ಬೀಮಿಗೆ ಕೈಯಲ್ಲೇ ಲೆಕ್ಕ ಹಾಕಿದೆ. ಒಂದು ತುದಿ ತಡೆಯುವುದು 35 ಟನ್. ಹೆಚ್ಚೆಂದರೆ 36. ಸೊಸೆಯ ಯಂತ್ರ ಏನು ಹೇಳುತ್ತದೋ ನೋಡೋಣ.

ಜೂನ್ 17, ಮಂಗಳವಾರ

58!

ಕಪಾಟುಗಳನ್ನು ಇಟ್ಟ ಮೇಲೆ ಪ್ರತಿ ತುದಿಗೆ ಬೀಳುವ ಭಾರ 33. ಅವಳ ಲೆಕ್ಕದಲ್ಲಿ ಬೇಕಾದಷ್ಟು ಅವಕಾಶ ಉಳಿದಿದೆ. ನನ್ನ ಲೆಕ್ಕದಲ್ಲಿ ಎರಡು ಟನ್. ಡೈರೆಕ್ಟರ್ ಚೀಟಿಯನ್ನು ಹಿಡಿದು ನೋಡಿದ ರೀತಿಗೆ, ಮೊಮ್ಮಗನ ಅಂಕಪಟ್ಟಿ ಎಂದುಕೊಳ್ಳಬೇಕು.

ನಾನು ತುಟಿ ಬಿಚ್ಚಲಿಲ್ಲ. ಎಲ್ಲವನ್ನೂ ಬಲ್ಲ ಯಂತ್ರವಿರುವಾಗ ನಾನು ಯಾರು?

ಆದರೆ ನಾನು ಬಯಸಿದಂತೆ ನಡೆಯಲಿಲ್ಲ. ತನ್ನ ಯಂತ್ರ ಇಂಥ ಎತ್ತರವನ್ನು ಒಮ್ಮೆಯೂ ಕಂಡಿಲ್ಲ, ಈ ಸಂಖ್ಯೆಯನ್ನು ಈಗಲೇ ನಂಬಬೇಡಿ ಎಂದು ಅವಳೇ ಹೇಳಿದಳು. ಅದೇ ಎತ್ತರದ ಒಂದು ಬೀಮನ್ನು ಹೊಯ್ದು, ಇಪ್ಪತ್ತೆಂಟು ದಿನ ಗಟ್ಟಿಯಾಗಲು ಬಿಟ್ಟು, ಮುರಿದು ನೋಡಿಯೇ ವರದಿ ಕೊಡಬೇಕಂತೆ. ಅನುಮಾನವನ್ನಾದರೂ ನನಗೆ ಬಿಟ್ಟುಕೊಡಬಾರದಿತ್ತೆ? ಅದನ್ನೂ ತಾನೇ ಪಟ್ಟಳು.

ಡೈರೆಕ್ಟರ್ ಎರಡಕ್ಕೂ ಹೂಂ ಎಂದರು. ಬೀಮು ಹೊಯ್ಯಲು ಒಪ್ಪಿಗೆ. ಜೊತೆಗೆ ನಗರಸಭೆಗೆ ಪತ್ರ: ಪ್ರಾಥಮಿಕ ಅಂದಾಜಿನಂತೆ ಅಡ್ಡಿಯಿಲ್ಲ.

ಜೂನ್ 19, ಗುರುವಾರ

ಪತ್ರಿಕೆಯಲ್ಲಿ ಅವಳ ಚಿತ್ರ. ನಾನು ಇಪ್ಪತ್ತು ವರ್ಷ ಪತ್ರ ಬರೆದ ಪತ್ರಿಕೆ. ನನ್ನ ಒಂದು ಪತ್ರಕ್ಕೂ ಅವರು ಮುಖಪುಟ ಕೊಟ್ಟದ್ದಿಲ್ಲ. "ಕಂಪ್ಯೂಟರಿಗೆ ಕಾಂಕ್ರೀಟ್ ಕಲಿಸಿದ ಇಂಜಿನಿಯರ್" ಎಂದು ತಲೆಬರಹ. ಒಳಗೆ, ಹಳೆಯ ಕೆಲವು ದಾಖಲೆಗಳನ್ನು ಬಳಸಿಕೊಂಡು ಎಂದಿದೆ. ಹಳೆಯ, ಕೆಲವು, ದಾಖಲೆಗಳು. ನನ್ನ ಮೂವತ್ತೊಂದು ವರ್ಷ ಈ ಮೂರು ಪದಗಳಲ್ಲಿ ಅಡಗಿಹೋಯಿತು.

ಹೆಂಡತಿ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಇನ್ನು ನೀರು ಕುಡಿಯಬೇಕಾದರೂ ಸೊಸೆಯ ಮುಖ ನೋಡಿಯೇ ಕುಡಿಯಬೇಕು. ಮಗ ಹಲ್ಲಿನ ವೈದ್ಯ. ಬಂದ ರೋಗಿಗಳಿಗೆಲ್ಲ ತೋರಿಸುತ್ತಾನಂತೆ. ಪಾಪ, ಬಾಯಿ ತೆರೆದುಕೊಂಡು ಕೂತವರು ಬೇಡ ಎನ್ನುವುದಾದರೂ ಹೇಗೆ.

ಪತ್ರಕರ್ತರಿಗೆ ನಿಮ್ಮ ಹೆಸರು ಹೇಳಿದ್ದೆ ಮಾವ, ಅವರೇ ಹಾಕಿಲ್ಲ ಎಂದಳು. ಇರಬಹುದು. ಅವಳು ಸುಳ್ಳು ಹೇಳುವವಳಲ್ಲ. ಅದೂ ಒಂದು ತೊಂದರೆ.

ಹದಿನಾರನೇ ತಾರೀಕು ಬರಲಿ. ಮುಂದಿನ ತಿಂಗಳ ಹದಿನಾರಕ್ಕೆ ಆ ಬೀಮು ಎಲ್ಲರ ಎದುರಿಗೆ 35ಕ್ಕೆ ಸೀಳುತ್ತದೆ. ಅವಳ 58 ಅದರ ತುದಿಯಲ್ಲಿ ದಪ್ಪ ಪೆನ್ಸಿಲಿನಲ್ಲಿ ಬರೆದಿರುತ್ತದೆ. ಆಗ ಪತ್ರಿಕೆಯವರು ಬರಲಿ.

ಜೂನ್ 24, ಮಂಗಳವಾರ

ವಾಚನಾಲಯದಲ್ಲಿ ಇವತ್ತು ಕಿಟಕಿಯ ಪಕ್ಕ ಕೂತೆ. ಅಲ್ಲಿ ಬೆಳಕು ಚೆನ್ನಾಗಿದೆ.

ಅಂಗಳಕ್ಕೆ ಎರಡು ಲಾರಿ ಕಪಾಟುಗಳು ಬಂದಿಳಿದಿವೆ. ಹತ್ತೊಂಬತ್ತು ವರ್ಷ ಛಾವಣಿಗೆ ಒಂದು ಬಾಣಲಿ ಸಿಮೆಂಟು ತರಲಾಗದ ನಗರಸಭೆ, ಕಪಾಟು ತರುವುದಕ್ಕೆ ಒಂದೇ ವಾರ ತೆಗೆದುಕೊಂಡಿದೆ.

ಜೂನ್ 25, ಬುಧವಾರ

ಕಿಟಕಿ.

ಜೂನ್ 28, ಶನಿವಾರ

ಮೂರನೇ ಬೀಮಿನ ಕೆಳಗೆ ದಿನಾ ಕೂರುವ ನಿವೃತ್ತ ಅಂಚೆಯವರೊಬ್ಬರಿದ್ದಾರೆ. ಪತ್ರಿಕೆಯ ಪದಬಂಧ ತುಂಬಿಸುವುದೇ ಅವರ ಉದ್ಯೋಗ. ಅಲ್ಲಿ ಗಾಳಿ ಬರಲ್ಲ, ಈ ಕಡೆ ಬನ್ನಿ ಎಂದೆ. ಬಂದರು. ಒಂದು ಗಳಿಗೆಯಲ್ಲಿ ವಾಪಸು ಹೋದರು, ಇಲ್ಲಿ ಗಾಳಿಗೆ ಹಾಳೆ ಹಾರುತ್ತೆ ಎಂದು. ಪರೀಕ್ಷೆಗೆ ಓದುವ ಇಬ್ಬರು ಹುಡುಗಿಯರಿಗೆ ಅಲ್ಲಿ ಮೇಜು ಅಲುಗಾಡುತ್ತದೆ ಎಂದೆ. ಅವರು ಕಾಗದ ಮಡಚಿ ಮೇಜಿನ ಕಾಲಿಗೆ ಇಟ್ಟುಕೊಂಡರು. ಜನಕ್ಕೆ ಒಳ್ಳೆಯ ಮಾತು ಹೇಳಿದರೆ ರುಚಿಸುವುದಿಲ್ಲ.

ಗ್ರಂಥಪಾಲಕಿ ದೂರದಿಂದ ನೋಡುತ್ತಿದ್ದರು. "ಏನ್ ಸಾರ್, ಇಷ್ಟು ವರ್ಷ ಪತ್ರಿಕೆ ಓದ್ತಿದ್ರಿ, ಈಗ ಜನರನ್ನ ಜೋಡಿಸೋ ಕೆಲಸಾನೂ ಶುರು ಮಾಡಿದ್ರಾ?" ಎಂದರು.

ತಲೆನೋವು. ಪತ್ರಿಕೆ ಓದಲಾಗಲಿಲ್ಲ.

ಜುಲೈ 1, ಮಂಗಳವಾರ

ಬೆಳಿಗ್ಗೆ ಹೋದಾಗ ಕಪಾಟುಗಳು ಮೇಲೆ ಹೋಗುತ್ತಿದ್ದವು. ಒಂದಕ್ಕೆ ನಾಲ್ಕು ಜನ. ಮೆಟ್ಟಿಲಿನ ಮೇಲೆ ಉಸಿರು ಬಿಡುತ್ತ, ಬೈದುಕೊಳ್ಳುತ್ತ ಹತ್ತುತ್ತಿದ್ದರು. ತಲೆಯ ಮೇಲೆ ಒಂದೊಂದು ಕಪಾಟು ನೆಲ ಮುಟ್ಟುವ ಸದ್ದು. ಎಣಿಸಿದೆ. ಹನ್ನೊಂದು. ಅಂಚೆಯವರು ತಲೆಯೆತ್ತದೆಯೇ, "ಆರಕ್ಷರದ ಪದ, ಆಸರೆ ಅಂತ ಅರ್ಥ ಬರಬೇಕು, ಗೊತ್ತಾ?" ಎಂದು ಕೇಳಿದರು. ಗೊತ್ತಿಲ್ಲ ಎಂದು ಎದ್ದುಬಂದೆ.

ಪರೀಕ್ಷಾಲಯಕ್ಕೆ ಹೋಗಿ, ಅವಳ ಕಪಾಟಿನಿಂದ ಒಂಬತ್ತನೇ ಪುಸ್ತಕ ತೆಗೆದು, ಕೆಂಪು ಗೀಟಿನ ಪುಟ ತೆರೆದು ಅವಳ ಮುಂದಿಟ್ಟೆ. ಇವನ್ನು ಸೇರಿಸಿ ಲೆಕ್ಕ ಮಾಡು ಎಂದೆ.

ಅವಳು ಓದಿದಳು. ಅವಳು ಓದುವಾಗ ಬೆರಳು ಸಾಲಿನ ಕೆಳಗೆ ಓಡುತ್ತದೆ. ಬೆರಳು ಪುಟದ ಬುಡದಲ್ಲಿ ನಿಂತಿತು. ಪ್ರತಿ ಎರಕದಲ್ಲೂ ಅದೇ ಕಾಂಕ್ರೀಟನ್ನು ಸಣ್ಣ ಪೆಟ್ಟಿಗೆಗಳಿಗೆ ತುಂಬಿ ಕ್ಯೂಬು ಮಾಡಿಟ್ಟು, ಬೀಮು ಮುರಿಯುವ ದಿನವೇ ಅವನ್ನೂ ಒಡೆದು ನೋಡುತ್ತೇವೆ, ಕಾಂಕ್ರೀಟ್ ಒಳ್ಳೆಯದೋ ಕೆಟ್ಟದ್ದೋ ತಿಳಿಯಲೆಂದು. ಆ ಸಾಲಿನ ಮೇಲೆ ನಾನು ಗೀಟು ಎಳೆದಿರಲಿಲ್ಲ. ಇಪ್ಪತ್ತೆರಡು ವರ್ಷ ಅದನ್ನು ನೋಡಿಯೂ ಇರಲಿಲ್ಲ.

"ಕ್ಯೂಬ್ ಎಲ್ಲಾ ಚೆನ್ನಾಗಿವೆಯಲ್ಲ," ಎಂದಳು. "ಕಾಂಕ್ರೀಟಲ್ಲಿ ಏನೂ ತೊಂದರೆ ಇರ್ಲಿಲ್ಲ. ಲೆಕ್ಕಕ್ಕೆ ಈ ಬೀಮುಗಳು ಬೇಕು ಅಂತ ನಿಮಗೆ ಯಾವಾಗಿಂದ ಗೊತ್ತು?"

ನೀನು ಏಣಿ ಹತ್ತಿದ ದಿನದಿಂದ ಎಂದೆ.

"ಹದಿನೇಳು ದಿನ," ಎಂದಳು. ದನಿ ಏರಿಸಲಿಲ್ಲ. "ಮಾವ, ಅಲ್ಲಿ ದಿನಾ ಎಷ್ಟು ಜನ ಕೂರ್ತಾರೆ?"

ಪರೀಕ್ಷಾಲಯದಲ್ಲಿ ಅವಳು ನನ್ನನ್ನು ಮಾವ ಎಂದದ್ದು ಇದೇ ಮೊದಲು. ಸುಣ್ಣಪ್ಪ ಬ್ರಷ್ಷನ್ನು ಬಕೆಟ್ಟಿನಲ್ಲಿ ಬಿಟ್ಟು ಹೊರಗೆ ಹೋದ.

ಅರುವತ್ತು ಎಂದೆ. ಕೆಲವು ದಿನ ಎಪ್ಪತ್ತು.

ಐದು ಬೀಮುಗಳನ್ನು ಸೇರಿಸಿದ ಮೇಲೆ ಯಂತ್ರ 36.1 ಎಂದಿತು. ಇದೇ ಹೊಸ ಸಂಖ್ಯೆ ಎಂದು ಅವಳು ಹಾಳೆಯಲ್ಲಿ ಬರೆದಳು. ಡೈರೆಕ್ಟರ್ ಊರಿನಲ್ಲಿರಲಿಲ್ಲ. ಅವಳು ಫೋನು ಹಿಡಿದು ನಗರಸಭೆಯ ಒಂದು ಮೇಜಿನಿಂದ ಇನ್ನೊಂದಕ್ಕೆ ತಿರುಗುತ್ತಿದ್ದಳು. ನನಗೆ ಆ ಮೇಜುಗಳ ಪರಿಚಯವಿದೆ. ಕಾಯಲಿಲ್ಲ. ನಡೆದುಕೊಂಡೇ ವಾಚನಾಲಯಕ್ಕೆ ಹೋಗಿ, ಮೆಟ್ಟಿಲಿನ ನಡುವೆ ನಿಂತೆ. ಹದಿನಾಲ್ಕನೇ ಕಪಾಟು ನನ್ನ ಎದೆಗೆ ಬಂದು ತಾಗಿತು. ಜಾಗ ಬಿಡಿ ಯಜಮಾನ್ರೇ ಎಂದರು ಹೊತ್ತವರು. ಬಿಡಲ್ಲ ಎಂದೆ. ಅವರಿಗೂ ಸುಸ್ತಾಗಿತ್ತು, ಇಳಿಸಿದರು.

ಗ್ರಂಥಪಾಲಕಿ ಒಂದೇ ಪ್ರಶ್ನೆ ಕೇಳಿದರು, ಬರೆದುಕೊಡುತ್ತೀರಾ ಎಂದು. ಪದಬಂಧದ ಹಿಂಬದಿಯಲ್ಲೇ ಬರೆದು ಸಹಿ ಹಾಕಿದೆ. ಹನ್ನೆರಡು ಗಂಟೆಗೆ ಕೋಣೆ ಖಾಲಿಯಾಯಿತು.

ಜುಲೈ 3, ಗುರುವಾರ

ಮನೆಯಲ್ಲಿ ಅವಳು ನನ್ನ ಜೊತೆ ಮಾತಾಡುತ್ತಿಲ್ಲ. ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಸಾಕಾ ಎನ್ನುತ್ತಾಳೆ. ಅಷ್ಟೇ. ಹೆಂಡತಿ ಎಲ್ಲವನ್ನೂ ಅವಳಿಂದ ಕೇಳಿ ತಿಳಿದುಕೊಂಡಿದ್ದಾಳೆ. ಏನೂ ಅನ್ನಲಿಲ್ಲ. ನನ್ನ ಹೆಂಡತಿ ಏನೂ ಅನ್ನದಿರುವುದು ಮೂವತ್ತೈದು ವರ್ಷದಲ್ಲಿ ಇದು ಎರಡನೇ ಸಲ.

ವಾಚನಾಲಯದ ಗೇಟಿನ ಮುಂದೆ ಜನ ಸೇರಿದ್ದರು. ಎಲ್ಲರೂ ನನ್ನ ಹಾಗೆಯೇ, ಬೆಳಿಗ್ಗೆ ಪತ್ರಿಕೆ ಇಲ್ಲದಿದ್ದರೆ ಯಾರ ಮೇಲಾದರೂ ರೇಗಬೇಕೆನ್ನುವವರು. ಅಂಚೆಯವರೇ ಮುಂದಿದ್ದರು. "ನಿಮ್ಮ ಸೊಸೆ ಹೋದ ತಿಂಗಳು ಭದ್ರ ಅಂದ್ಲು, ಈ ತಿಂಗಳು ಬೀಗ ಹಾಕ್ಸಿದ್ಲು. ಲೆಕ್ಕ ಬರ್ದೇ ಇರೋರ್ನ ಯಾಕ್ರೀ ಕೂರಿಸ್ತಾರೆ ಅಲ್ಲಿ?"

ಲೆಕ್ಕ ಸರಿಯಾಗೇ ಇತ್ತು, ಅವಳಿಗೆ ಕೊಟ್ಟ ಪುಸ್ತಕ ತಪ್ಪು ಎಂದೆ. ಯಾರದ್ದು ಪುಸ್ತಕ ಎಂದರು. ನನ್ನದು ಎಂದೆ.

ಪತ್ರಿಕೆಗೆ ಬರೆಯುತ್ತೇನೆ ಎಂದು ಹೇಳಿ ಹೋದರು. ಬರೆಯುತ್ತಾರೆ. ಮುಖಪುಟದಲ್ಲಿ ಬಂದರೂ ಬಂದೀತು. ನೋಡಿ ಅನ್ಯಾಯ.

ಜುಲೈ 16, ಬುಧವಾರ

ಮುರಿದೆವು. ತುದಿಯಲ್ಲಿ ಸೊಸೆಯದು 36.1, ನನ್ನದು 35, ಸುಣ್ಣಪ್ಪನದು 50. ಬೀಮು ದೊಡ್ಡದು, ಸುಣ್ಣ ಒಂದು ಬಕೆಟ್ ಹೆಚ್ಚು ಹಿಡಿಯಿತು ಎಂಬುದೇ ಅವನ ಆಧಾರ. ಇಪ್ಪತ್ತಾರು ಟನ್ನಿನಲ್ಲಿ ಮೊದಲ ಓರೆ ಗೆರೆ ಕಂಡಿತು. ಅವಳು ಹತ್ತಿರ ಹೋಗಿ ಗುರುತು ಹಾಕಿ ಬರುವಾಗ, ಸಾಕು ಹಿಂದೆ ಬಾ ಎಂದು ಕೂಗಿದೆ. ನನ್ನ ದನಿ ಜೋರಾಯಿತು. ಮೂವತ್ತರಲ್ಲಿ ಮತ್ತೆ ಹೋಗಲು ಹೊರಟಳು, ತೋಳು ಹಿಡಿದು ನಿಲ್ಲಿಸಿದೆ.

34.8ಕ್ಕೆ ಸೀಳಿತು. ನೆಲ ನಡುಗಿತು. ಕಿಟಕಿಯ ಗಾಜು ಅದುರಿ ನಿಂತಿತು. ಬಿರುಕಿನ ಒಳಗೆ ಮುಷ್ಟಿ ಇಡಬಹುದಾಗಿತ್ತು.

ಅವಳು ಗೆರೆಯ ಕೋನವನ್ನು ಅಳೆಯುತ್ತ, ನನ್ನ ಕಡೆ ನೋಡದೆ, ಮೂರನೇ ಬೀಮಿನ ಕೆಳಗೆ ಎಷ್ಟು ಕುರ್ಚಿ ಇತ್ತು ಎಂದು ಕೇಳಿದಳು. ಹದಿನೆಂಟು ಎಂದೆ. ಬರೆದುಕೊಂಡಳು. ವರದಿಗೆ ಬೇಕಿರಲಿಲ್ಲ. ಆದರೂ ಬರೆದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ವಾಚನಾಲಯದಲ್ಲಿ ಆರೂ ಬೀಮುಗಳಿಗೆ ಕಬ್ಬಿಣದ ಕಂಬ ಕೊಟ್ಟಾಯಿತಂತೆ.

ಜುಲೈ 18, ಶುಕ್ರವಾರ

ಅಂತಿಮ ವರದಿ. ಬಳಸಿದ ಬೀಮುಗಳ ಪಟ್ಟಿಯಲ್ಲಿ ಒಂದು ಕಾಲಂ ಇದೆ: ಮೊದಲು ಕೈಬಿಟ್ಟಿದ್ದರೆ ಕಾರಣ. ಐದು ಸಾಲು ಖಾಲಿ ಇತ್ತು.

ಡೈರೆಕ್ಟರ್ ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ತಾಂತ್ರಿಕ ಕಾರಣ ಎಂದು ಬರೆದುಬಿಡಿ ಎಂದರು. "ನಿಜ ಬರೆದ್ರೆ ಐದು ಬೀಮಿಗೆ ನಿಲ್ಲಲ್ಲ ಸರ್. ನಿಮ್ಮ ಇಪ್ಪತ್ತಾರು ಪುಸ್ತಕದ ಮೇಲೂ ಅನುಮಾನ ಬರುತ್ತೆ. ಇನ್ನು ಹತ್ತು ತಿಂಗಳು ಇದೆ ನಿಮ್ಮದು. ಹೆಸರು ಇಟ್ಕೊಂಡು ಹೋಗಿ."

ನನ್ನ ಒಳ್ಳೆಯದಕ್ಕೇ ಹೇಳಿದರು. ಯೋಚನೆ ಮಾಡುತ್ತೇನೆ ಎಂದು ಹೊರಗೆ ಬಂದೆ. ಸೊಸೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಏನು ಬರೀಲಿ ಸರ್ ಎಂದು ಕೇಳಿದಳು. ಊಟದ ಹೊತ್ತಿನ ಸಾಕಾ ಬಿಟ್ಟರೆ, ಎರಡು ವಾರದಲ್ಲಿ ಅವಳಾಗಿಯೇ ನನ್ನನ್ನು ಕೇಳಿದ ಎರಡನೇ ಪ್ರಶ್ನೆ.

ಬರೆದುಕೋ ಎಂದೆ. ಕಾಂಕ್ರೀಟಿನಲ್ಲಿ ದೋಷವಿರಲಿಲ್ಲ. ಎರಕ ಹೊಯ್ದ ಮೇಸ್ತ್ರಿಯವರು ಈ ಐದೂ ಬೀಮುಗಳು ಎಷ್ಟು ಭಾರಕ್ಕೆ ಮುರಿಯುತ್ತವೆಂದು ಸರಿಯಾಗಿ ಹೇಳಿದ್ದರು. ಉಸ್ತುವಾರಿಯಲ್ಲಿದ್ದ ನಾನು ತಪ್ಪು ಹೇಳಿದ್ದೆ. ಆ ಕಾರಣಕ್ಕೆ ಇವನ್ನು ಕೈಬಿಡಲಾಯಿತು.

ಟೈಪು ಮಾಡುತ್ತಿದ್ದವಳು ನಡುವೆ ನಿಂತಳು. ಮೇಸ್ತ್ರಿ ಹೇಳಿದ್ದು ನಿಮಗೆ ಇಷ್ಟು ವರ್ಷವೂ ನೆನಪಿತ್ತಾ ಎಂದಳು. ಬೀಮಿನ ತುದಿಯಲ್ಲಿ ಅವರು ಬರೆದಿದ್ದ 19 ಈಗಲೂ ಕಣ್ಣ ಮುಂದಿದೆ, ಒಂಬತ್ತರ ಬಾಲ ಉದ್ದ ಇತ್ತು ಎಂದೆ. ಅವಳು ಹತ್ತೂ ಬೆರಳಿನಲ್ಲಿ ಟೈಪು ಮಾಡುತ್ತಾಳೆ. ನಾನು ಈಗಲೂ ಎರಡೇ ಬೆರಳಿನಲ್ಲಿ. ದೇವರು ಯಾರಿಗೆ ಏನೇನು ಕೊಡುತ್ತಾನೋ.

ವರದಿ ಹೋಯಿತು.

ಜುಲೈ 21, ಸೋಮವಾರ

ಡೈರೆಕ್ಟರ್ ಹೇಳಿದ್ದೇ ಆಯಿತು. ನಾನೂರ ಏಳು ಬೀಮುಗಳನ್ನೂ ಅವುಗಳ ಕ್ಯೂಬುಗಳ ಜೊತೆ ಮತ್ತೆ ತಾಳೆ ನೋಡಬೇಕಂತೆ. ಒಬ್ಬಳೇ ಮಾಡುತ್ತೇನೆ ಎಂದಳು. ನನ್ನ ಕೈಬರಹ ನಿನಗೆ ಓದಲು ಬರಲ್ಲ, ನಾನು ಓದುತ್ತೇನೆ, ನೀನು ತುಂಬಿಸು ಎಂದೆ. ಹದಿನಾರರ ಬೀಮಿಗೆ ಗೆದ್ದ ಕುರ್ಚಿಯನ್ನು ಅಲ್ಲೇ ಬಿಟ್ಟು, ಸ್ಟೂಲು ಎಳೆದುಕೊಂಡು ಅವಳ ಮೇಜಿನ ಪಕ್ಕ ಕೂತೆ.

ಒಂದನೇ ಪುಸ್ತಕದಿಂದ ಶುರು ಮಾಡಿದೆವು. ನಾಲ್ಕನೇ ಪುಟದಲ್ಲೇ ಒಂದು ಸಂಖ್ಯೆಯನ್ನು ಒರೆಸಿ ಮೇಲೆ ಬೇರೆ ಬರೆದದ್ದು ಸಿಕ್ಕಿತು. ಇದು ನಾನು ಬರುವ ಮೊದಲು ಇದ್ದವರ ಕೆಲಸ, ಅವರು ಹಾಗೇ, ನನಗೆ ಚೆನ್ನಾಗಿ ನೆನಪಿದೆ ಎಂದು ಹೇಳಲು ಬಾಯಿ ತೆರೆದೆ.

ಸೊಸೆ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು. ಅಕ್ಷರ ನನ್ನದೇ.

ಓದಿ ಮಾವ ಎಂದಳು. ಓದಿದೆ.